ಮೊದಲ ಸೂಜಿ ಯಾರಿಗೆ? ಅಮೆರಿಕ ತನ್ನ ಜನರನ್ನೇ ಕೇಳಿದ 2005ರ ಪ್ರಕರಣ

2005ರ ಜುಲೈನಲ್ಲಿ ಅಮೆರಿಕದ ಎರಡು ತಜ್ಞರ ಸಮಿತಿಗಳು ಸೇರಿ ಒಂದು ಪಟ್ಟಿ ಮಾಡಿದವು. ಫ್ಲೂ ಮಹಾಮಾರಿ ಬಂದು ಲಸಿಕೆ ಸಾಲದೆ ಹೋದರೆ ಯಾರಿಗೆ ಮೊದಲು, ಯಾರಿಗೆ ಆಮೇಲೆ ಅನ್ನುವ ಪಟ್ಟಿ. ಎಲ್ಲರಿಗಿಂತ ಮೊದಲು ಲಸಿಕೆ ಮತ್ತು ಫ್ಲೂ ಔಷಧಿ ತಯಾರಿಸುವ ಸುಮಾರು 40,000 ಜನ. ಅವರ ಜೊತೆಗೇ 80-90 ಲಕ್ಷ ವೈದ್ಯಕೀಯ ಸಿಬ್ಬಂದಿ. ಅವರ ಬೆನ್ನಿಗೆ ಕಾಯಿಲೆ ಇರುವ ವಯಸ್ಸಾದವರು, ಎರಡು-ಮೂರು ಕಾಯಿಲೆ ಒಟ್ಟಿಗೆ ಇರುವ ಬೇರೆ ವಯಸ್ಸಿನವರು, ಗರ್ಭಿಣಿಯರು. ಪೊಲೀಸರು, ಬೆಂಕಿ ಆರಿಸುವವರು, ಕರೆಂಟು-ನೀರು-ಫೋನು ನೋಡಿಕೊಳ್ಳುವವರು ಎರಡನೇ ಹಂತದ ಕೊನೆಯಲ್ಲಿ. ಮೂರನೇ ಹಂತದಲ್ಲಿ ಶವಸಂಸ್ಕಾರದ ಕೆಲಸದವರು. ನಾಲ್ಕನೆಯದು ಕೊನೆಯ ಹಂತ. ಅದರಲ್ಲಿ 2ರಿಂದ 64 ವರ್ಷದ ಆರೋಗ್ಯವಂತರು. ಅಂದರೆ ದೇಶದ ಅರ್ಧಕ್ಕಿಂತ ಜಾಸ್ತಿ ಜನ.

ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ಮಾಮೂಲಿ ಫ್ಲೂನಲ್ಲಿ ಸಾಯುವವರು ಯಾರು? ಬಹುಪಾಲು 65 ದಾಟಿದವರು. ಆ ದಿನಗಳಲ್ಲಿ ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 36,000 ಜನ ಫ್ಲೂನಿಂದ ಸಾಯುತ್ತಾರೆ ಅನ್ನುವ ಲೆಕ್ಕ ಚಾಲ್ತಿಯಲ್ಲಿತ್ತು. ಸಾವು ಕಡಿಮೆ ಮಾಡಬೇಕು ಅಂದರೆ ಸಾಯುವವರಿಗೆ ಮೊದಲು ಕೊಡಿ. ವೈದ್ಯರ ಯೋಚನೆ ಹೀಗೇ ಹೋಗುತ್ತದೆ, ಹೋಗಬೇಕು ಕೂಡ.

ಆದರೆ ಅದೇ ತಿಂಗಳು ಇನ್ನೊಂದು ಕೆಲಸವೂ ಶುರುವಾಗಿತ್ತು. ಇದೇ ಪ್ರಶ್ನೆಯನ್ನು ಸಾಮಾನ್ಯ ಜನರ ಮುಂದೆ ಇಡುವ ಕೆಲಸ. ಅಲ್ಲಿಂದ ಬಂದ ಉತ್ತರ ಈ ಪಟ್ಟಿಗೆ ಹೊಂದಲಿಲ್ಲ. ಆ ಉತ್ತರದಲ್ಲಿ ಒಂದು ಷರತ್ತು ಸೇರಿತ್ತು. ಮುಂದಿನ ಹದಿನೈದು ವರ್ಷ ಅದು ಯಾವಾಗ ನೆನಪಿಗೆ ಬಂತು, ಯಾವಾಗ ಮರೆತುಹೋಯಿತು ಅನ್ನುವುದೇ ಈ ಪ್ರಕರಣದ ಕಥೆ.

ಕೇಳಬೇಕು ಅನ್ನಿಸಿದ್ದು ಯಾಕೆ

ಹಿಂದಿನ ವರ್ಷವೇ ಒಂದು ಪೆಟ್ಟು ಬಿದ್ದಿತ್ತು. 2004ರ ಅಕ್ಟೋಬರ್ 5ರಂದು ಬ್ರಿಟನ್ನಿನ ಔಷಧ ನಿಯಂತ್ರಕರು ಲಿವರ್‌ಪೂಲ್‌ನ ಒಂದು ಲಸಿಕೆ ಕಾರ್ಖಾನೆಯ ಪರವಾನಗಿಯನ್ನು ತಡೆಹಿಡಿದರು. ಲಸಿಕೆಯಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡಿತ್ತು. ಅಮೆರಿಕಕ್ಕೆ ಬರಬೇಕಿದ್ದ ಸುಮಾರು 4 ಕೋಟಿ 80 ಲಕ್ಷ ಡೋಸ್ ಒಂದೇ ದಿನದಲ್ಲಿ ಮಾಯ. ಆ ಚಳಿಗಾಲಕ್ಕೆ ನೆಚ್ಚಿಕೊಂಡಿದ್ದ ಲಸಿಕೆಯಲ್ಲಿ ಹೆಚ್ಚುಕಡಿಮೆ ಅರ್ಧ ಅದು.

ಬಂದದ್ದು ಮಹಾಮಾರಿ ಅಲ್ಲ, ಬರೀ ಮಾಮೂಲಿ ಫ್ಲೂ. ಆದರೂ ವಯಸ್ಸಾದವರು ಗಂಟೆಗಟ್ಟಲೆ ಕ್ಯೂ ನಿಂತರು. ನ್ಯೂಜೆರ್ಸಿಯ ಒಂದು ಊರಿನಲ್ಲಿ ಚೀಟಿ ಎತ್ತಿ ಲಸಿಕೆ ಹಂಚಿದರು. ತಮಾಷೆ ಅಂದರೆ, ಜನವರಿ ಮುಗಿಯುವ ಹೊತ್ತಿಗೆ ಲಸಿಕೆ ಮಿಕ್ಕಿತ್ತು. 'ಅಗತ್ಯ ಇರುವವರಿಗೆ ಬಿಟ್ಟುಕೊಡಿ' ಅಂದಾಗ ಸುಮಾರು ಜನ ನಿಜವಾಗಿಯೂ ಬಿಟ್ಟುಕೊಟ್ಟಿದ್ದರು. ಕ್ಯೂ ನೋಡಿ ಬೇಸತ್ತು ಮನೆಗೆ ಹೋದವರೂ ಇದ್ದರು. ನಿರ್ಬಂಧ ತೆಗೆದು 'ಯಾರು ಬೇಕಾದರೂ ಬನ್ನಿ' ಅಂದಾಗ ಬರುವವರೇ ಇಲ್ಲ.

ಇದರ ಜೊತೆಗೆ ಹಕ್ಕಿ ಜ್ವರದ ಭಯ. 1997ರಲ್ಲಿ ಹಾಂಕಾಂಗ್‌ನಲ್ಲಿ ಎಚ್5ಎನ್1 ವೈರಸ್ 18 ಜನರಿಗೆ ತಗುಲಿ ಆರು ಜನರನ್ನು ಬಲಿ ತೆಗೆದುಕೊಂಡಿತ್ತು. 2003ರ ಕೊನೆಯಿಂದ ವಿಯೆಟ್ನಾಂ, ಥಾಯ್ಲೆಂಡ್‌ಗಳಲ್ಲಿ ಮತ್ತೆ ತಲೆ ಎತ್ತಿತ್ತು. ಅದು ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ಹರಡಲು ಕಲಿತರೆ ಗತಿ ಏನು? ಕೋಳಿ ಮೊಟ್ಟೆಯಲ್ಲಿ ವೈರಸ್ ಬೆಳೆಸಿ ಲಸಿಕೆ ಮಾಡುವ ಕಾಲ ಅದು. ಹೊಸ ವೈರಸ್‌ಗೆ ಲಸಿಕೆ ಬರುವುದಕ್ಕೇ ಆರು ತಿಂಗಳು ಬೇಕು. ಬಂದರೂ ಸುಮಾರು 30 ಕೋಟಿ ಜನಕ್ಕೆ ಒಟ್ಟಿಗೆ ಬರುವುದಿಲ್ಲ, ವಾರಕ್ಕಿಷ್ಟು ಅಂತ ತೊಟ್ಟಿಕ್ಕುತ್ತದೆ.

ಹಾಗಾಗಿ ಯಾರಾದರೂ ಕಾಯಲೇಬೇಕು. ಯಾರು ಕಾಯಬೇಕು ಅನ್ನುವುದು ಬರೀ ವಿಜ್ಞಾನದ ಪ್ರಶ್ನೆ ಅಲ್ಲ. ಯಾವ ವಯಸ್ಸಿನವರು ಎಷ್ಟು ಸಾಯುತ್ತಾರೆ ಅಂತ ವಿಜ್ಞಾನಿ ಹೇಳಬಹುದು. 80 ವರ್ಷದ ಅಜ್ಜಿಯ ಜೀವ, 30 ವರ್ಷದ ಆಂಬುಲೆನ್ಸ್ ಚಾಲಕನ ಜೀವ, ಇದರಲ್ಲಿ ಯಾವುದು ಮೊದಲು ಅಂತ ಅವರು ಹೇಳಲಾರರು. ಹೇಳಿದರೆ ಅದು ಅವರ ಸ್ವಂತ ಅಭಿಪ್ರಾಯ, ಅಷ್ಟೇ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದಲ್ವಾ? ಆದ್ದರಿಂದ ಕಾಯಿಲೆ ಬರುವ ಮೊದಲೇ, ಎಲ್ಲರ ತಲೆ ತಣ್ಣಗಿರುವಾಗಲೇ ಕೇಳಿಬಿಡೋಣ ಅಂದುಕೊಂಡರು.

ಹೇಗೆ ಕೇಳಿದರು

ಇದು ಫೋನ್ ಮಾಡಿ 'ಹೌದೋ ಅಲ್ಲವೋ' ಅಂತ ಕೇಳುವ ಸಮೀಕ್ಷೆ ಆಗಿರಲಿಲ್ಲ. ಅಟ್ಲಾಂಟಾದಲ್ಲಿ ಸುಮಾರು ನೂರು ಜನ ನಾಗರಿಕರನ್ನು ಸೇರಿಸಿದರು. ಆಸ್ಪತ್ರೆ, ಕಂಪನಿ, ಸಂಘಸಂಸ್ಥೆ, ಸರ್ಕಾರದ ಕಡೆಯಿಂದ ಬಂದ ಸುಮಾರು ಐವತ್ತು ಜನರ ಗುಂಪು ಬೇರೆ ಇತ್ತು. ಆಮೇಲೆ ಮ್ಯಾಸಚೂಸೆಟ್ಸ್, ನೆಬ್ರಾಸ್ಕಾ, ಆರೆಗಾನ್ ರಾಜ್ಯಗಳಲ್ಲೂ ನಾಗರಿಕರ ಸಭೆ ಮಾಡಿದರು. ಮೊದಲು ತಜ್ಞರು ವಿಷಯ ಹೇಳಬೇಕು: ವೈರಸ್ ಅಂದರೇನು, ಲಸಿಕೆ ಯಾಕೆ ತಡ, ಎಷ್ಟು ಸಿಗಬಹುದು. ಆಮೇಲೆ ಜನ ತಮ್ಮತಮ್ಮಲ್ಲೇ ಮಾತಾಡಬೇಕು. ಕೊನೆಗೆ ಗುರಿಗಳನ್ನು ಒಂದರ ಕೆಳಗೆ ಒಂದು ಜೋಡಿಸಬೇಕು.

ಇಲ್ಲೊಂದು ಜಾಣತನ ಇದೆ. 'ಮೊದಲು ಯಾರಿಗೆ?' ಅಂತ ಕೇಳಲಿಲ್ಲ. 'ಲಸಿಕೆ ಕೊಡುವುದು ಯಾವುದಕ್ಕಾಗಿ?' ಅಂತ ಕೇಳಿದರು. ಸುಮ್ನೆ ಪದದಾಟ ಅನ್ನಿಸಬಹುದು, ಆದರೆ ಅಲ್ಲ. 'ಯಾರಿಗೆ' ಅಂದ ತಕ್ಷಣ ಪ್ರತಿಯೊಬ್ಬರೂ ತಮ್ಮ ಮನೆಯವರ ಮುಖ ನೆನಪಿಸಿಕೊಳ್ಳುತ್ತಾರೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಮಗನಿಗೆ ಉಬ್ಬಸ. 'ಯಾವುದಕ್ಕೆ' ಅಂದಾಗ ಊರು ಕಣ್ಣ ಮುಂದೆ ಬರುತ್ತದೆ.

ಬಂದ ಉತ್ತರ

ಡಿಸೆಂಬರ್‌ನಲ್ಲಿ ವರದಿ ಹೊರಬಂತು. ನಾಗರಿಕರೂ ಸಂಸ್ಥೆಗಳ ಕಡೆಯವರೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದ್ದರು. ಮೊದಲ ಗುರಿ: ಸಮಾಜದ ದಿನನಿತ್ಯದ ಬದುಕು ನಿಲ್ಲಬಾರದು. ಎರಡನೆಯದು: ಹೆಚ್ಚು ಅಪಾಯ ಇರುವವರ ಸಾವು, ಆಸ್ಪತ್ರೆ ವಾಸ ಕಡಿಮೆ ಮಾಡಬೇಕು. ಚಿಕ್ಕ ವಯಸ್ಸಿನವರಿಗೆ ಮೊದಲು, ಚೀಟಿ ಎತ್ತುವುದು, ಮೊದಲು ಬಂದವರಿಗೆ ಮೊದಲು — ಇವಕ್ಕೆ ಬೆಂಬಲ ತೀರಾ ಕಡಿಮೆ.

ಅಂದರೆ ತಜ್ಞರ ಪಟ್ಟಿಯಲ್ಲಿ ಕರೆಂಟು-ನೀರಿನವರು ಎರಡನೇ ಹಂತದ ಬಾಲದಲ್ಲಿದ್ದರೆ, ಜನ ಅವರನ್ನು ಮುಂದಕ್ಕೆ ತಂದರು. ಇದನ್ನು ಮೊದಲು ಓದಿದಾಗ ನನಗೆ ಸ್ವಲ್ಪ ಕಸಿವಿಸಿ ಆಯಿತು. ದುರ್ಬಲರನ್ನು ಹಿಂದೆ ತಳ್ಳಿದರಲ್ಲ ಅನ್ನಿಸಿತು. ಯೋಚಿಸಿದರೆ ಹಾಗಲ್ಲ. ಆಮ್ಲಜನಕದ ಯಂತ್ರಕ್ಕೆ ಕರೆಂಟು ಬೇಕು. ಡಯಾಲಿಸಿಸ್‌ಗೆ ನೀರು ಬೇಕು. ಇನ್ಸುಲಿನ್ ಸಾಗಿಸಲು ಲಾರಿ ಬೇಕು. ಇವು ನಿಂತರೆ ಮೊದಲು ಸಾಯುವವರು ಯಾರು? ಅದೇ ದುರ್ಬಲರು. ಅವರನ್ನು ಕಾಪಾಡಲು ಎರಡು ದಾರಿ ಇವೆ, ಒಂದು ನೇರ, ಇನ್ನೊಂದು ಸುತ್ತು. ಜನ ಸುತ್ತು ದಾರಿ ಹಿಡಿದರು.

ಇನ್ನು ಷರತ್ತಿನ ವಿಚಾರ. ಸಮಾಜ ನಡೆಸಲು ಬೇಕಾದವರಿಗೆ ಮೊದಲು ಕೊಡಿ, ಆದರೆ *ಎಷ್ಟು ಕಡಿಮೆ ಡೋಸ್‌ನಲ್ಲಿ ಆಗುತ್ತದೋ ಅಷ್ಟರಲ್ಲೇ ಮುಗಿಸಿ*. ಉಳಿದದ್ದು ತಡಮಾಡದೆ ಅಪಾಯದಲ್ಲಿರುವವರಿಗೆ ಹೋಗಲಿ. ಎಲ್ಲರೂ ಒಪ್ಪಿದ್ದು ಈ ಎರಡನ್ನೂ ಸೇರಿಸಿ. ಷರತ್ತು ತೆಗೆದುಬಿಟ್ಟರೆ ಮೊದಲ ಗುರಿಯ ಅರ್ಥವೇ ಬದಲಾಗುತ್ತದೆ.

ಇದು ಕೆಲಸದಲ್ಲಿ ಹೇಗಿರುತ್ತದೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. ಒಂದು ನೀರು ಶುದ್ಧೀಕರಣ ಘಟಕ ಅಂದುಕೊಳ್ಳಿ. ಒಟ್ಟು 120 ಜನ ನೌಕರರು. ಪಂಪು ನಡೆಸುವುದು, ಕ್ಲೋರಿನ್ ಹಾಕುವುದು, ಗಂಟೆಗೊಮ್ಮೆ ನೀರು ಪರೀಕ್ಷೆ ಮಾಡುವುದು, ಕೆಟ್ಟ ವಾಲ್ವ್ ಸರಿಮಾಡುವುದು. ಇಷ್ಟಕ್ಕೆ ಪಾಳಿಗೆ ಆರು ಜನ ಸಾಕು. ಮೂರು ಪಾಳಿಗೆ ಹದಿನೆಂಟು. ರಜೆ, ಬದಲಿ ಅಂತ ಇನ್ನೂ ಆರು. ಒಟ್ಟು 24. ಬಿಲ್ ಬರೆಯುವವರು, ಹೊಸ ಪೈಪ್‌ಲೈನ್ ಯೋಜನೆಯವರು, ಲೆಕ್ಕಪತ್ರದವರು, ಮೇಲಧಿಕಾರಿಯ ಕಚೇರಿ ಸೇರಿ ಉಳಿದ 96 ಜನ ಮನೆಯಲ್ಲಿದ್ದರೂ ನಲ್ಲಿಯಲ್ಲಿ ನೀರು ಬರುತ್ತದೆ. ಜನ ಹೇಳಿದ ಹಾಗೆ ಮಾಡಿದರೆ 24 ಡೋಸ್ ಇಲ್ಲಿಗೆ, ಉಳಿದ 96 ಡೋಸ್ ಉಸಿರಾಟದ ತೊಂದರೆ ಇರುವ ಬೇರೆ 96 ಜನಕ್ಕೆ.

ಕಾಗದದ ಮೇಲೆ ಸಲೀಸು. ಘಟಕದೊಳಗೆ ಹೋಗಿ ನೋಡಿ. 24 ಜನರ ಹೆಸರು ಬರೆಯಬೇಕಾದವರು ಮೇಲಧಿಕಾರಿ. ತಮ್ಮ ಹೆಸರೇ ಪಟ್ಟಿಯಲ್ಲಿಲ್ಲ. ಲೆಕ್ಕಪತ್ರದವರು ಬಂದು 'ಸಂಬಳ ಬಟವಾಡೆ ನಿಂತರೆ ಪಂಪಿನವರು ಕೆಲಸಕ್ಕೆ ಬರ್ತಾರಾ?' ಅಂತ ಕೇಳುತ್ತಾರೆ. ಅದೂ ನಿಜವೇ. ಸಂಘದವರು 'ಕೊಟ್ಟರೆ ಎಲ್ಲರಿಗೂ ಕೊಡಿ' ಅನ್ನುತ್ತಾರೆ. ಸಂಜೆಯ ಹೊತ್ತಿಗೆ 24 ಹೋಗಿ 70 ಆಗಿರುತ್ತದೆ. ಯಾರೂ ಕೆಟ್ಟವರಲ್ಲ. ಅವರವರ ಕೆಲಸ ಅವರವರಿಗೆ ದೊಡ್ಡದು.

ಇದಕ್ಕೆ ಬಂದ ಆಕ್ಷೇಪಗಳು

ಮೊದಲ ಆಕ್ಷೇಪ ಎಲ್ಲರಿಗೂ ಹೊಳೆಯುವಂಥದ್ದು. ನಾಲ್ಕು ಜಾಗದ ಇನ್ನೂರು-ಮುನ್ನೂರು ಜನ ಇಡೀ ದೇಶದ ಪರವಾಗಿ ಮಾತಾಡಬಹುದೇ? ದಿನವಿಡೀ ಕೂತು ಸರ್ಕಾರಿ ವಿಷಯ ಚರ್ಚೆ ಮಾಡಲು ಬರುವವರೇ ಒಂದು ಬಗೆಯ ಜನ. ಎರಡೆರಡು ಕಡೆ ಕೂಲಿ ಮಾಡುವವರು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ಬರುವುದು ಕಷ್ಟ. ಈ ದೂರಿನಲ್ಲಿ ಹುರುಳಿದೆ. ಆದರೆ ಪಟ್ಟಿ ಮಾಡಿದ ತಜ್ಞರ ಸಮಿತಿಗಳಲ್ಲಿ ಅವರಿದ್ದರೇ? ಅಲ್ಲೂ ಇರಲಿಲ್ಲ.

ಎರಡನೆಯದು ವಯಸ್ಸಿನ ವಿಚಾರ. 2006ರ ಮೇನಲ್ಲಿ ಎಜೆಕಿಯಲ್ ಇಮ್ಯಾನ್ಯುಯಲ್ ಮತ್ತು ಆಲನ್ ವರ್ತೈಮರ್ ಅನ್ನುವ ಇಬ್ಬರು ನೀತಿತಜ್ಞರು ತಜ್ಞರ ಪಟ್ಟಿಯನ್ನೇ ಪ್ರಶ್ನಿಸಿದರು. ಪ್ರತಿಯೊಬ್ಬರಿಗೂ ಬದುಕಿನ ಎಲ್ಲ ಹಂತಗಳನ್ನು ದಾಟುವ ಅವಕಾಶ ಸಿಗಬೇಕು. 70 ದಾಟಿದವರಿಗೆ ಅದು ಸಿಕ್ಕಿದೆ, 20ರವರಿಗೆ ಸಿಕ್ಕಿಲ್ಲ. ಹಾಗಾಗಿ ಆರೋಗ್ಯ ಸಿಬ್ಬಂದಿ ಮತ್ತು ಲಸಿಕೆ ತಯಾರಿಸುವವರ ನಂತರ 13ರಿಂದ 40 ವರ್ಷದವರು ಮುಂದೆ ಬರಬೇಕು ಅನ್ನುವುದು ಅವರ ವಾದ. ಇದಕ್ಕೆ ಇತಿಹಾಸದ ಬೆಂಬಲವೂ ಇತ್ತು. 1918ರ ಫ್ಲೂನಲ್ಲಿ ಸತ್ತವರಲ್ಲಿ 20ರಿಂದ 40ರ ಗಟ್ಟಿಮುಟ್ಟಾದವರು ವಿಪರೀತ ಇದ್ದರು. ಮುಂದಿನ ವೈರಸ್ ಯಾರನ್ನು ಹುಡುಕಿಕೊಂಡು ಬರುತ್ತದೆ ಅಂತ ಮುಂಚಿತವಾಗಿ ಹೇಳುವವರಾರು?

ಮೂರನೆಯದು ನಂಬಿಕೆ. ನನ್ನ ಮಟ್ಟಿಗೆ ಇದೇ ದೊಡ್ಡದು. 2005ರ ವರದಿಗಿಂತ ಆಮೇಲೆ ಮೇರಿಲ್ಯಾಂಡ್ ರಾಜ್ಯದಲ್ಲಿ ನಡೆದ ಕೆಲಸದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿ ವೆಂಟಿಲೇಟರ್ ಸಾಲದಿದ್ದರೆ ಏನು ಮಾಡಬೇಕು ಅಂತ 15 ಸಭೆಗಳಲ್ಲಿ 324 ಜನರನ್ನು ಕೇಳಿದರು. ಹೆಚ್ಚು ಜೀವ ಉಳಿಯುವ ಹಾಗೆ ಹಂಚಿ ಅನ್ನುವ ಮಾತಿಗೆ ಎಲ್ಲ ಕಡೆ ಬೆಂಬಲ ಬಂತು. ಆದರೆ ಬಾಲ್ಟಿಮೋರಿನ ಬಡ ಬಡಾವಣೆಯ ಜನರಿಗೆ ಇನ್ನೊಂದು ಅನುಮಾನ ಇತ್ತು. ನಿಯಮ ಚೆನ್ನಾಗಿಯೇ ಇರಬಹುದು, ಅದನ್ನು ನಡೆಸುವವರು ನಮ್ಮ ಮುಖ ನೋಡಿದಾಗ ಅದೇ ನಿಯಮ ನಡೆಸುತ್ತಾರಾ? ಈ ಅನುಮಾನ ಗಾಳಿಯಿಂದ ಬಂದದ್ದಲ್ಲ. ಅಮೆರಿಕದ ಕರಿಯರಿಗೆ ಟಸ್ಕೀಗೀ ನೆನಪಿದೆ. ಅಲ್ಲಿ 1932ರಿಂದ 1972ರವರೆಗೆ, ನಲವತ್ತು ವರ್ಷ, ಸಿಫಿಲಿಸ್ ಇದ್ದ ಕರಿಯ ಗಂಡಸರಿಗೆ ಚಿಕಿತ್ಸೆ ಕೊಡದೆ ಸರ್ಕಾರಿ ವೈದ್ಯರು ಸುಮ್ನೆ ನೋಡುತ್ತಾ ಕೂತಿದ್ದರು.

ಜನರ ಮಾತು ಪಟ್ಟಿಗೆ ಇಳಿದದ್ದು

2005ರ ನವೆಂಬರ್‌ನಲ್ಲಿ ಸರ್ಕಾರದ ಮಹಾಮಾರಿ ಯೋಜನೆ ಹೊರಬಂತು. ಅದರಲ್ಲಿದ್ದದ್ದು ತಜ್ಞರ ಪಟ್ಟಿಯೇ. ಜನರ ವರದಿ ಬಂದದ್ದು ಒಂದು ತಿಂಗಳು ತಡವಾಗಿ. ಇಷ್ಟಕ್ಕೇ ಮುಗಿದಿದ್ದರೆ ಇದು ಇನ್ನೊಂದು ಧೂಳು ಹಿಡಿದ ಕಡತ ಆಗುತ್ತಿತ್ತು. ಹಾಗಾಗಲಿಲ್ಲ. ಬೇರೆಬೇರೆ ಇಲಾಖೆಗಳು ಸೇರಿ ಪಟ್ಟಿಯನ್ನು ಮತ್ತೆ ಬಿಚ್ಚಿದವು. ನ್ಯೂ ಮೆಕ್ಸಿಕೋದ ಲಾಸ್ ಕ್ರೂಸೆಸ್ ಮತ್ತು ನ್ಯೂಯಾರ್ಕಿನ ನಾಸೌ ಕೌಂಟಿಯಲ್ಲಿ ಮತ್ತೆ ಜನರನ್ನು ಸೇರಿಸಿದರು. ಎರಡೂ ಕಡೆ ಮೇಲೆ ಬಂದ ಗುರಿಗಳು ಹೆಚ್ಚುಕಡಿಮೆ ಅವೇ: ರೋಗದ ವಿರುದ್ಧ ನಿಂತು ಆರೈಕೆ ಮಾಡುವವರು, ಊರಿಗೆ ಬೇಕೇಬೇಕಾದ ಸೇವೆ ಕೊಡುವವರು, ಕೆಲಸದಿಂದಾಗಿ ಸೋಂಕಿನ ಬಾಯಿಗೆ ಬೀಳುವವರು, ಮತ್ತು ಮಕ್ಕಳು.

ಮಕ್ಕಳು! 2005ರಲ್ಲಿ 'ಚಿಕ್ಕ ವಯಸ್ಸಿನವರಿಗೆ ಮೊದಲು' ಅಂದಾಗ ಜನ ಒಪ್ಪಿರಲಿಲ್ಲ. ಈಗ ಒಪ್ಪಿದರು. ಜನ ಮಾತು ಬದಲಿಸಿದರು ಅಂತ ಕೆಲವರು ಇದನ್ನು ಓದಬಹುದು. ನನಗೆ ಹಾಗೆ ಕಾಣುವುದಿಲ್ಲ. 'ಎಲ್ಲಕ್ಕಿಂತ ಮೊದಲು ಕಿರಿಯರು' ಅನ್ನುವುದು ಒಂದು ಪ್ರಶ್ನೆ. 'ಕಾಪಾಡಬೇಕಾದವರಲ್ಲಿ ಮಕ್ಕಳೂ ಇರಬೇಕಾ' ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಬೇಡ, ಎರಡನೆಯದಕ್ಕೆ ಹೌದು ಅಂದವರು ಒಬ್ಬರೇ ಆಗಿರಬಹುದು.

ಷರತ್ತಿನ ಮೇಲೂ ಕೆಲಸ ನಡೆಯಿತು. ಮೂಲಸೌಕರ್ಯದ ಬಗ್ಗೆ ಸಲಹೆ ಕೊಡುವ ರಾಷ್ಟ್ರೀಯ ಸಮಿತಿಯೊಂದು 2007ರ ಜನವರಿಯಲ್ಲಿ ವರದಿ ಕೊಟ್ಟಿತು. ಕರೆಂಟು, ನೀರು, ಬ್ಯಾಂಕು, ಸಾರಿಗೆ, ಫೋನು ಹೀಗೆ ಕ್ಷೇತ್ರವಾರು ಕೂತು, 'ನಿಮ್ಮಲ್ಲಿ ಇವರಿಲ್ಲದೆ ನಡೆಯೋದೇ ಇಲ್ಲ ಅನ್ನುವವರು ಎಷ್ಟು?' ಅಂತ ಲೆಕ್ಕ ತೆಗೆದರು. ಬಂದ ಲೆಕ್ಕ ಆ ಕ್ಷೇತ್ರಗಳ ಒಟ್ಟು ನೌಕರರಲ್ಲಿ ಹತ್ತಿರಹತ್ತಿರ ಐದರಲ್ಲೊಂದು ಪಾಲು. ಮೇಲೆ ನಾನು ಹಾಕಿದ 120ರಲ್ಲಿ 24ರ ಲೆಕ್ಕ ಇದರಿಂದಲೇ ಹೊಳೆದದ್ದು.

2008ರ ಜುಲೈನಲ್ಲಿ ಅಂತಿಮ ಮಾರ್ಗಸೂಚಿ ಬಂತು. ತೀವ್ರ ಮಹಾಮಾರಿಯಾದರೆ ಮೊದಲ ಹಂತದಲ್ಲಿ ಆಸ್ಪತ್ರೆ ಸಿಬ್ಬಂದಿ, ಆಂಬುಲೆನ್ಸ್, ಪೊಲೀಸ್, ಅಗ್ನಿಶಾಮಕ, ಲಸಿಕೆ ತಯಾರಕರು, ಯುದ್ಧಭೂಮಿಯ ಸೈನಿಕರು, ಜೊತೆಗೆ ಗರ್ಭಿಣಿಯರು ಮತ್ತು ಆರು ತಿಂಗಳಿಂದ ಮೂರು ವರ್ಷದೊಳಗಿನ ಮಕ್ಕಳು. 65 ದಾಟಿದವರು ನಾಲ್ಕನೇ ಹಂತಕ್ಕೆ ಇಳಿದರು. ಮೂರು ವರ್ಷದ ಹಿಂದೆ, ಕಾಯಿಲೆ ಇದ್ದರೆ ಅವರೇ ಮೊದಲ ಹಂತದಲ್ಲಿದ್ದರು. ಸರ್ಕಾರಿ ಪಟ್ಟಿ ಇಷ್ಟರ ಮಟ್ಟಿಗೆ ತಲೆಕೆಳಗಾದ ಉದಾಹರಣೆ ಅಪರೂಪ.

ಔಷಧಿ ಮತ್ತು ಚೀಟಿ

ಲಸಿಕೆಯ ಮಾತಿನಲ್ಲಿ ಔಷಧಿ ಮರೆಯಬಾರದು. ಆ ದಿನಗಳಲ್ಲಿ ಫ್ಲೂ ಔಷಧಿ ಟ್ಯಾಮಿಫ್ಲೂವನ್ನು ಕೂಡಿಡುವ ಗುರಿ 8 ಕೋಟಿ 10 ಲಕ್ಷ ಜನರ ಚಿಕಿತ್ಸೆಗೆ ಆಗುವಷ್ಟು. ನಾಲ್ಕರಲ್ಲಿ ಒಬ್ಬರಿಗೆ ಕಾಯಿಲೆ ಬರಬಹುದು ಅನ್ನುವ ಅಂದಾಜು. ಅಲ್ಲಿ ಪೇಚು ಬೇರೆ. ಬಂದ ಮೇಲೆ ಐದು ದಿನ ನುಂಗುವ ಮಾತ್ರೆಯನ್ನು ನರ್ಸ್ ಒಬ್ಬರಿಗೆ ಬಾರದ ಹಾಗೆ ಕೊಡಬೇಕಾದರೆ ವಾರಗಟ್ಟಲೆ ಕೊಡಬೇಕು. ಒಬ್ಬರನ್ನು ಕಾಪಾಡುವಷ್ಟರಲ್ಲಿ ಹಲವರ ಚಿಕಿತ್ಸೆಯ ಮಾತ್ರೆ ಖಾಲಿ.

ಚೀಟಿ ಎತ್ತುವುದನ್ನು ಜನ ಬೇಡ ಅಂದದ್ದು ಸರಿ. ಅಲ್ಲಿ ಯಾರ ಅಗತ್ಯವನ್ನೂ ಅದು ನೋಡುವುದಿಲ್ಲ. ಆದರೆ ಎಲ್ಲ ಜರಡಿ ಹಿಡಿದ ಮೇಲೂ ಒಂದೇ ಅಗತ್ಯದ ಮೂವತ್ತು ಜನ ಉಳಿದು, ಔಷಧಿ ಹತ್ತೇ ಇದ್ದರೆ? 2020ರ ಮೇನಲ್ಲಿ ಕೋವಿಡ್‌ಗೆ ರೆಮ್‌ಡೆಸಿವಿರ್ ಅನ್ನುವ ಔಷಧಿ ಬಂದಾಗ ಇದೇ ಆಯಿತು. ಪೆನ್ಸಿಲ್ವೇನಿಯಾದ ಒಂದು ದೊಡ್ಡ ಆಸ್ಪತ್ರೆ ಜಾಲ ಚೀಟಿಯನ್ನೇ ಆರಿಸಿಕೊಂಡಿತು. ಆದರೆ ಎಲ್ಲರ ಚೀಟಿಗೂ ಒಂದೇ ತೂಕ ಇರಲಿಲ್ಲ. ಬಡ ಬಡಾವಣೆಯಿಂದ ಬಂದವರಿಗೆ, ಅಗತ್ಯ ಕೆಲಸದವರಿಗೆ ಸಿಗುವ ಅವಕಾಶ ಸ್ವಲ್ಪ ಜಾಸ್ತಿ. ಬೇರೆ ಕಾಯಿಲೆಯಿಂದ ಒಂದು ವರ್ಷವೂ ಬದುಕುವುದು ಕಷ್ಟ ಅನ್ನುವವರಿಗೆ ಕಡಿಮೆ. ವಶೀಲಿಗೆ ಜಾಗ ಇಲ್ಲ, ವೈದ್ಯರಿಗೆ 'ನಾನೇ ಬೇಡ ಅಂದೆ' ಅನ್ನುವ ಹೊರೆಯೂ ಇಲ್ಲ. 2005ರ ಆ ಸಭೆಗಳಲ್ಲಿ ಚೀಟಿಯನ್ನು ಹೀಗೆ ಕೊನೆಯ ಮೆಟ್ಟಿಲಾಗಿ ಇಟ್ಟಿದ್ದರೆ ಜನ ಒಪ್ಪುತ್ತಿದ್ದರೇನೋ.

ಮೊದಲ ಪರೀಕ್ಷೆ: 2009

ವೈರಸ್ ಬಂತು, ಆದರೆ ಎಲ್ಲರೂ ಕಾಯುತ್ತಿದ್ದ ಹಕ್ಕಿ ಜ್ವರ ಅಲ್ಲ. ಎಚ್1ಎನ್1. ಬಹುಪಾಲು ಜನರಲ್ಲಿ ಸೌಮ್ಯ, ಗರ್ಭಿಣಿಯರಿಗೆ ಮತ್ತು ಹರೆಯದವರಿಗೆ ಕಠಿಣ, 60 ದಾಟಿದವರಲ್ಲಿ ಎಷ್ಟೋ ಜನರಿಗೆ ಹಳೆಯ ಸೋಂಕಿನ ರಕ್ಷಣೆ. ಕರೆಂಟು-ನೀರು ನಿಲ್ಲುವ ಭಯ ಇರಲಿಲ್ಲ. ಹಾಗಾಗಿ ಜುಲೈ 29ರಂದು ಲಸಿಕೆಯ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವ ತಜ್ಞರ ಸಮಿತಿ ಬೇರೆಯೇ ಐದು ಗುಂಪು ಹೆಸರಿಸಿತು: ಗರ್ಭಿಣಿಯರು, ಎಳೆಗೂಸುಗಳನ್ನು ನೋಡಿಕೊಳ್ಳುವವರು, ಆರೋಗ್ಯ ಸಿಬ್ಬಂದಿ, ಆರು ತಿಂಗಳಿಂದ 24 ವರ್ಷದವರು, ಕಾಯಿಲೆ ಇರುವ 25-64ರವರು. ಒಟ್ಟು ಸುಮಾರು 15 ಕೋಟಿ 90 ಲಕ್ಷ ಜನ. ತೀರಾ ಕೊರತೆಯಾದರೆ ಅಂತ ಅದರೊಳಗೇ 4 ಕೋಟಿ 20 ಲಕ್ಷದ ಚಿಕ್ಕ ಗುಂಪು.

ಅಕ್ಟೋಬರ್‌ನಲ್ಲಿ ಬಂದ ಲಸಿಕೆ ಹೇಳಿದ್ದಕ್ಕಿಂತ ತೀರಾ ಕಡಿಮೆ. ಜನ ಅದನ್ನೂ ಸಹಿಸಿಕೊಂಡರು. ಸಹಿಸದ್ದು ಇನ್ನೊಂದನ್ನು. ನ್ಯೂಯಾರ್ಕಿನ ಕೆಲವು ದೊಡ್ಡ ಹಣಕಾಸು ಕಂಪನಿಗಳ ನೌಕರರ ಕ್ಲಿನಿಕ್‌ಗಳಿಗೂ ಲಸಿಕೆ ಹೋಗಿದೆ ಅನ್ನುವ ಸುದ್ದಿ ನವೆಂಬರ್‌ನಲ್ಲಿ ಬಂತು. ಕಳಿಸಿದ್ದು ಅಷ್ಟಿಷ್ಟು. ಅಲ್ಲಿನ ಗರ್ಭಿಣಿ ನೌಕರರಿಗೆ, ಕಾಯಿಲೆ ಇರುವವರಿಗೆ ಅಂತಲೇ ಕೊಟ್ಟದ್ದು. ನಿಯಮ ಮುರಿದಿರಲಿಲ್ಲ. ಆದರೂ ಜನ ಕೆಂಡಾಮಂಡಲವಾದರು. ಮಕ್ಕಳ ವೈದ್ಯರ ಹತ್ತಿರ ಲಸಿಕೆ ಇಲ್ಲ, ಬ್ಯಾಂಕಿನವರ ಹತ್ತಿರ ಇದೆ. ಒಂದು ವರ್ಷದ ಹಿಂದೆಯಷ್ಟೇ ಅದೇ ಬ್ಯಾಂಕುಗಳನ್ನು ತೆರಿಗೆ ಹಣ ಸುರಿದು ಉಳಿಸಿದ್ದರು. ಆ ಸಿಟ್ಟಿಗೆ ನಿಯಮದ ವಿವರಣೆ ಯಾವ ಮೂಲೆಗೆ?

ದೊಡ್ಡ ಪರೀಕ್ಷೆ: 2020

ಕೋವಿಡ್ ಲಸಿಕೆ ಬರುವ ಹೊತ್ತಿಗೆ 'ಅಗತ್ಯ ನೌಕರರು' ಅನ್ನುವ ಪದ ಊದಿಕೊಂಡಿತ್ತು. ಲಾಕ್‌ಡೌನ್‌ನಲ್ಲಿ ಯಾರು ಕೆಲಸಕ್ಕೆ ಹೋಗಬಹುದು ಅಂತ ಹೇಳಲು ಮಾಡಿದ ಪಟ್ಟಿಯೇ ಲಸಿಕೆಯ ಪಟ್ಟಿಗೂ ಅಡಿಪಾಯ ಆಯಿತು. ಆ ಲೆಕ್ಕದಲ್ಲಿ ಅಗತ್ಯ ನೌಕರರು ಸುಮಾರು 8 ಕೋಟಿ 70 ಲಕ್ಷ. 65 ದಾಟಿದವರು 5 ಕೋಟಿ 30 ಲಕ್ಷ. ಕಾಯಿಲೆ ಇರುವವರು 10 ಕೋಟಿಗೂ ಮೇಲೆ. ಎಲ್ಲರೂ ಮೊದಲು ಅಂದರೆ ಯಾರೂ ಮೊದಲಲ್ಲ. ಒಂದೊಂದು ಉದ್ಯಮವೂ 'ನಮ್ಮವರೂ ಅಗತ್ಯವೇ' ಅಂತ ಸಮಿತಿಗೆ ಕಾಗದ ಬರೆಯತೊಡಗಿತು. ನೀರಿನ ಘಟಕದಲ್ಲಿ 24 ಹೋಗಿ 70 ಆದ ಕಥೆಯೇ ಇಲ್ಲಿ ಕೋಟಿಗಳಲ್ಲಿ ನಡೆಯಿತು.

ಡಿಸೆಂಬರ್ 1ರಂದು ಆರೋಗ್ಯ ಸಿಬ್ಬಂದಿಗೆ ಮತ್ತು ವೃದ್ಧರ ಆರೈಕೆ ಕೇಂದ್ರಗಳಲ್ಲಿರುವವರಿಗೆ ಮೊದಲು ಅಂತ ಸಮಿತಿ 13-1 ಮತಗಳಿಂದ ಒಪ್ಪಿತು. ಜಗಳ ಇದ್ದದ್ದು ಮುಂದಿನ ಸಾಲಿಗೆ. ಫ್ಲೂ ಪಟ್ಟಿಯ ಹಳೆಯ ಪ್ರಶ್ನೆಯೇ ಮತ್ತೆ ಎದ್ದಿತು: ಸಾಯುವವರನ್ನು ನೇರವಾಗಿ ಕಾಪಾಡುವುದೋ, ಸಮಾಜ ನಡೆಸುವವರನ್ನು ಮೊದಲು ಕಾಪಾಡುವುದೋ? ಕೋವಿಡ್‌ನಲ್ಲಿ ವಯಸ್ಸಿನ ಜೊತೆ ಸಾವಿನ ಅಪಾಯ ಏರುವ ರೀತಿ ಭೀಕರವಾಗಿತ್ತು. ಇನ್ನೊಂದು ಕಡೆ ಮಾಂಸದ ಕಾರ್ಖಾನೆ, ಅಂಗಡಿ, ಬಸ್ಸುಗಳಲ್ಲಿ ಕೆಲಸ ಮಾಡಿ ಸತ್ತವರಲ್ಲಿ ಕರಿಯರು, ಲ್ಯಾಟಿನೋಗಳು ಜಾಸ್ತಿ. ಡಿಸೆಂಬರ್ 20ರಂದು ಸಮಿತಿ ನಡುದಾರಿ ಹಿಡಿಯಿತು: 75 ದಾಟಿದವರು, ಜೊತೆಗೆ ಜನರ ಎದುರು ನಿಂತು ಕೆಲಸ ಮಾಡಲೇಬೇಕಾದ ಸುಮಾರು 3 ಕೋಟಿ ನೌಕರರು. 8.7 ಕೋಟಿ 3 ಕೋಟಿಗೆ ಇಳಿದದ್ದರಲ್ಲಿ 2005ರ ಆ ಷರತ್ತಿನ ನೆರಳು ಕಾಣುತ್ತದೆ.

ಆ ಹೊತ್ತಿಗೆ ಜನ ಏನನ್ನುತ್ತಿದ್ದರು? 13 ದೇಶಗಳ 15,536 ಜನರನ್ನು ಕೇಳಿದ ಒಂದು ದೊಡ್ಡ ಅಧ್ಯಯನ ಇದೆ. ದೇಶ ಬೇರೆಯಾದರೂ ಉತ್ತರ ಹತ್ತಿರಹತ್ತಿರ ಒಂದೇ. ಆರೋಗ್ಯ ಸಿಬ್ಬಂದಿ, ಅಪಾಯ ಜಾಸ್ತಿ ಇರುವವರು ಮುಂದೆ. ಅವರ ಜೊತೆಗೆ ಬೇರೆಬೇರೆ ಅಗತ್ಯ ಕೆಲಸದವರು, ಕಡಿಮೆ ಆದಾಯದವರು. ಇಲ್ಲಿಯೂ 'ನನಗೆ ಮೊದಲು' ಅನ್ನುವ ದನಿ ಮೇಲೆ ಬರಲಿಲ್ಲ.

ಮಾರ್ಗಸೂಚಿ ಮಾತ್ರ ಬರೀ ಸಲಹೆ. ಒಂದೊಂದು ರಾಜ್ಯವೂ ತನ್ನ ದಾರಿ ಹಿಡಿಯಿತು. ನ್ಯೂಯಾರ್ಕ್ ಸಾಲು ತಪ್ಪಿಸಿದವರಿಗೆ 10 ಲಕ್ಷ ಡಾಲರ್‌ವರೆಗೆ ದಂಡ ಅಂದಿತು. ಅದರ ಭಯಕ್ಕೆ ಕೆಲವು ಕಡೆ ತೆರೆದ ಬಾಟಲಿಯಲ್ಲಿ ಉಳಿದ ಡೋಸ್ ಕಸಕ್ಕೆ ಹೋಯಿತು. ಕ್ಯಾಲಿಫೋರ್ನಿಯಾ ಕೆಲಸ ನೋಡಿ ಹಂಚಲು ಹೊರಟು, ಜನವರಿ ಕೊನೆಯಲ್ಲಿ ವಯಸ್ಸಿನ ಲೆಕ್ಕಕ್ಕೆ ತಿರುಗಿತು. ಜನವರಿ 12ರಂದು ಕೇಂದ್ರ ಸರ್ಕಾರವೇ '65 ದಾಟಿದ ಎಲ್ಲರಿಗೂ ತೆರೆಯಿರಿ' ಅಂದಿತು. ವಯಸ್ಸಿಗೆ ಒಂದು ಗುರುತಿನ ಚೀಟಿ ಸಾಕು. 'ನೀನು ನಿಜವಾಗಿ ಬೇಕೇಬೇಕಾದವನಾ?' ಅಂತ ಬಾಗಿಲಲ್ಲಿ ನಿಂತು ಪರೀಕ್ಷೆ ಮಾಡುವುದು ಯಾರಿಂದಲೂ ಆಗದ ಕೆಲಸ.

ಎಲ್ಲರಿಗಿಂತ ಮೊದಲು 65ಕ್ಕೆ ತೆರೆದವರಲ್ಲಿ ಫ್ಲೋರಿಡಾ ಒಂದು. ಸಮಿತಿಯ ಸಲಹೆ ಬಂದ ಮೂರೇ ದಿನಕ್ಕೆ, ಡಿಸೆಂಬರ್ 23ರಂದು ಅಲ್ಲಿ ಆದೇಶ ಹೊರಟಿತು. ಲೀ ಕೌಂಟಿಯಲ್ಲಿ ಅಪಾಯಿಂಟ್‌ಮೆಂಟ್ ವ್ಯವಸ್ಥೆ ಇರಲಿಲ್ಲ. ಮೊದಲು ಬಂದವರಿಗೆ ಮೊದಲು ಅಂತ ಘೋಷಿಸಿದರು. 2005ರಲ್ಲಿ ಜನ ಬೇಡ ಅಂದ ಮೂರು ದಾರಿಗಳಲ್ಲಿ ಅದೂ ಒಂದು. ಹಿಂದಿನ ರಾತ್ರಿಯೇ ಸಾಲು ಶುರುವಾಯಿತು. ಮಡಚುವ ಕುರ್ಚಿ ಹಾಕಿಕೊಂಡು, ಕಂಬಳಿ ಹೊದ್ದುಕೊಂಡು, ಎಪ್ಪತ್ತು-ಎಂಬತ್ತರ ಹಿರಿಯರು ಬೆಳಗಾಗುವವರೆಗೆ ರಸ್ತೆ ಬದಿಯಲ್ಲಿ ಕೂತಿದ್ದರು. ರಾತ್ರಿಯಿಡೀ ಕೂರಲಾಗದವರು ಆ ಸಾಲಿನಲ್ಲಿ ಇರಲಿಲ್ಲ.